ಕಪ್ಪುಗೆಂಪಿನ ಗ್ಲ್ಯಾಡಿಯೋಲಸ್

ಬೇಸಿಗೆಯ ತೋಟಕ್ಕೆ ತಿಳಿಬಣ್ಣದ ಹೂವೇ ಚೆಂದ ಎನ್ನುವವರು ಬಹಳ. ನನಗಂತೂ ‘ಬ್ಲ್ಯಾಕ್ ಸ್ಟಾರ್’ ಎಂಬ ಗ್ಲ್ಯಾಡಿಯೋಲಸ್ ತಳಿಯ ಮೇಲೆಯೇ ಪ್ರೀತಿ. ದೂರದಿಂದ ಕಪ್ಪು, ಎಸಳನ್ನು ಬೆಳಕಿಗೆ ಹಿಡಿದರೆ ಪುನರ್ಪುಳಿ ರಸದ ಕೆಂಪು. ಆಂಥೋಸಯನಿನ್ ಎಂಬ ವರ್ಣದ್ರವ್ಯ ಒತ್ತೊತ್ತಾಗಿ ತುಂಬಿದ್ದರಿಂದ ಬಂದ ಬಣ್ಣವದು.

ಆದರೆ ಕಡುಬಣ್ಣ ಬಿಸಿಲನ್ನು ಹೀರುತ್ತದೆ, ಎಸಳಿನ ಅಂಚು ಬೇಗ ಸುಡುತ್ತದೆ. ಹಾಗೆಂದು ಪೂರಾ ನೆರಳಿಗೆ ನೆಡಬೇಡಿ, ಗಿಡ ಸೊರಗುತ್ತದೆ. ಬೆಳಗಿನ ಬಿಸಿಲು ಧಾರಾಳವಾಗಿ ಬಿದ್ದು, ಇಳಿಹೊತ್ತಿನ ಬಿಸಿಲು ತುಸು ಮರೆಯಾಗುವ ಜಾಗ ಹುಡುಕಿ. ಗಡ್ಡೆ 10ರಿಂದ 15 ಸೆಂಟಿಮೀಟರ್ ಆಳದಲ್ಲಿರಲಿ. ಮೇಲೆಮೇಲೆ ನೆಟ್ಟರೆ ಹೂಕಡ್ಡಿ ಗಾಳಿಗೆ ವಾಲುತ್ತದೆ. ನೀರು ನಿಲ್ಲಬಾರದು.

ಕೆಳಗಿನ ಒಂದೆರಡು ಮೊಗ್ಗು ಬಣ್ಣ ತೋರಿದ ಕೂಡಲೇ, ಮುಂಜಾನೆ ಕೊಯ್ದು ನೀರಿಗಿಡಿ. ಉಳಿದವು ಮನೆಯೊಳಗೇ ಒಂದೊಂದಾಗಿ ಅರಳುತ್ತವೆ. ಕೊಯ್ಯುವಾಗ ಗಿಡದಲ್ಲಿ ನಾಲ್ಕಾದರೂ ಎಲೆ ಉಳಿಸಿ. ಮುಂದಿನ ವರ್ಷದ ಗಡ್ಡೆ ಬಲಿಯುವುದು ಅವುಗಳಿಂದಲೇ.