ಲೆಕ್ಕ ಮುಗಿಸಿ ಕುಳಿತ ಮಗು

(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಓದಿನಲ್ಲಿ ಹಿಂದೆ ಬಿದ್ದ ಮಕ್ಕಳ ಮಾತು ಎಲ್ಲ ಸಭೆಗಳಲ್ಲಿಯೂ ಬರುತ್ತದೆ. ಬರಲೇಬೇಕು. ಮುಂದೆ ಓಡುವ ಮಕ್ಕಳ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. "ಜಾಣನಾದವನಿಗೆ ಏನು ಕೊರತೆ, ತಾನೇ ಓದಿಕೊಂಡಾನು" ಎಂದು ಬಿಟ್ಟುಬಿಡುತ್ತೇವೆ. ಹಾಗೆ ಬಿಡುವುದು ತರವಲ್ಲ ಎಂಬುದನ್ನು ತಮ್ಮ ಮುಂದೆ ಇಡಲು ನಿಂತಿದ್ದೇವೆ. ನಾವು ಶಿಕ್ಷಣಶಾಸ್ತ್ರ ಬಲ್ಲವರಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯ ಲೆಕ್ಕ ಬರೆಯುವವರು. ಆದರೆ ರಜೆಯ ದಿನ ಈ ಕಪಾಟುಗಳ ಕೀಲಿಕೈ ಹಿಡಿದು ಕುಳಿತವರಿಗೆ ಮಕ್ಕಳು ತಾವಾಗಿಯೇ ಹಲವು ಸಂಗತಿ ತೋರಿಸಿಕೊಡುತ್ತಾರೆ.

ಮೂರನೆಯ ಇಯತ್ತೆಯ ವರ್ಗವನ್ನು ನೆನೆಯಿರಿ. ಗುರುಗಳು ಹಲಗೆಯ ಮೇಲೆ ಹತ್ತು ಗುಣಾಕಾರ ಬರೆಯುತ್ತಾರೆ. ಒಂದು ಮಗು ಐದು ನಿಮಿಷದಲ್ಲಿ ಮುಗಿಸಿ ಪಾಟಿ ಕೆಳಗಿಡುತ್ತದೆ. ಉಳಿದವರಿಗೆ ಅರ್ಧ ಗಂಟೆ ಬೇಕು. ಈ ಇಪ್ಪತ್ತೈದು ನಿಮಿಷ ಆ ಮಗು ಏನು ಮಾಡಬೇಕು? ಗುರುಗಳು ಅದೇ ತರಹದ ಇನ್ನೂ ಹತ್ತು ಲೆಕ್ಕ ಕೊಡುತ್ತಾರೆ, ಇಲ್ಲವೆ ಸೀಮೆಸುಣ್ಣ ತರಲು ಕಳಿಸುತ್ತಾರೆ. ಬೇಗ ಮುಗಿಸಿದ್ದಕ್ಕೆ ಇನ್ನಷ್ಟು ದುಡಿತ! ಗಿರಣಿಯಲ್ಲಾದರೆ ಇದಕ್ಕೆ ಓವರ್‌ಟೈಮ್ ಕೇಳುತ್ತಿದ್ದೆವು. ಮಗು ಜಾಣ, ಎರಡನೆಯ ವಾರದಿಂದ ತಾನೂ ನಿಧಾನಿಸುತ್ತದೆ, ಅಥವಾ ಪಕ್ಕದವನ ಜುಟ್ಟು ಎಳೆಯುತ್ತದೆ. ಗುರುಗಳನ್ನು ದೂರಿ ಫಲವಿಲ್ಲ. ಒಬ್ಬರೇ ಎರಡು ಇಯತ್ತೆ ಸಂಭಾಳಿಸಬೇಕಾದ ಕಡೆ ಅವರಾದರೂ ಏನು ಮಾಡಿಯಾರು? ಹೀಗೆ ನಾಲ್ಕೈದು ವರ್ಷ ಕಳೆದರೆ ಶಾಲೆ ಎಂದರೆ ಸುಮ್ಮನೆ ಕಾಯುವ ಜಾಗ ಎಂಬುದು ಆ ಮಗುವಿನ ಮನಸ್ಸಿನಲ್ಲಿ ಗಟ್ಟಿಯಾಗುತ್ತದೆ. ಹದಿನಾಲ್ಕು ತುಂಬುತ್ತಲೇ ಊರ ಕಡೆಯವರೊಬ್ಬರು ಹೋಟೆಲಿನಲ್ಲಿ ಕೆಲಸವಿದೆ ಎಂದರೆ ಹುಡುಗ ಹಿಂದೆ ಮುಂದೆ ನೋಡದೆ ಹೊರಡುತ್ತಾನೆ. ಅಲ್ಲಿ ಕೈತುಂಬ ಕೆಲಸವಾದರೂ ಇರುತ್ತದೆ.

ಮನೆಯಲ್ಲಿ ಇದಕ್ಕೆ ಹೂಡುವ ಉಪಾಯ ಒಂದೇ, ಸ್ಕಾಲರ್‌ಶಿಪ್ ಪರೀಕ್ಷೆಯ ಕ್ಲಾಸು. ಮಹಾರಾಷ್ಟ್ರದಲ್ಲಿ ಈ ಪರೀಕ್ಷೆ ಮೊದಲು ನಾಲ್ಕನೆಯ ಮತ್ತು ಏಳನೆಯ ಇಯತ್ತೆಗೆ ಇತ್ತು. 2016-17ರಿಂದ ಕೆಲವು ವರ್ಷ ಐದಕ್ಕೂ ಎಂಟಕ್ಕೂ ನಡೆಯಿತು. ಕನ್ನಡದಲ್ಲಿಯೂ ಬರೆಯಬಹುದು. ಬರೆಯಿಸಿರಿ, ಬೇಡವೆನ್ನುವುದಿಲ್ಲ. ಆದರೆ ಹಳೆಯ ಪ್ರಶ್ನಪತ್ರಿಕೆಗಳನ್ನು ಅರೆದು ಕುಡಿಸುವುದೂ ಬುದ್ಧಿಗೆ ಆಹಾರ ಕೊಡುವುದೂ ಬೇರೆ ಬೇರೆ.

ಆಹಾರ ಯಾವುದು? ಅಮೆರಿಕದ ಜೋಸೆಫ್ ರೆಂಜುಲ್ಲಿ ಎಂಬ ಶಿಕ್ಷಣ ಪಂಡಿತರು 1977ರಲ್ಲಿ ಇದಕ್ಕೊಂದು ಕ್ರಮ ಹೇಳಿದರು. ಮೊದಲು ಪಠ್ಯದಲ್ಲಿಲ್ಲದ ನಾನಾ ಸಂಗತಿಗಳನ್ನು ಮಗುವಿನ ಕಣ್ಣಿಗೆ ಬೀಳಿಸುವುದು. ಆಮೇಲೆ ಅಳೆಯುವುದು, ಗುರುತು ಹಾಕುವುದು, ಪುಸ್ತಕದಲ್ಲಿ ಹುಡುಕುವುದು ಮುಂತಾದ ಕೆಲಸದ ಹದ ಕಲಿಸುವುದು. ಕೊನೆಗೆ ಮಗು ತಾನೇ ಒಂದು ಪ್ರಶ್ನೆಯ ಬೆನ್ನು ಹತ್ತಿದಾಗ ಅಡ್ಡ ಬಾರದಿರುವುದು. ನಮ್ಮ ಮುಂಬಯಿಯಲ್ಲಿ ಇದಕ್ಕೆ ಸಮುದ್ರವೊಂದೇ ಸಾಕು. ಉಬ್ಬರದ ವೇಳೆ ಪತ್ರಿಕೆಯಲ್ಲಿ ಬರುತ್ತದೆ. ನಾಲ್ಕನೆಯ ಇಯತ್ತೆಯ ಹುಡುಗಿಯೊಬ್ಬಳು ಇಲ್ಲಿಯೇ ಕುಳಿತು ಎಂಟು ದಿನ ಅದನ್ನು ಬರೆದುಕೊಂಡಳು. ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುವುದನ್ನು ಕಂಡು, "ಸಮುದ್ರದ ಗಡಿಯಾರ ಹಿಂದೆ ಬೀಳುತ್ತದೆಯೇ?" ಎಂದು ಕೇಳಿದಳು. ನಾವು ಉತ್ತರ ಹೇಳಲಿಲ್ಲ. ಚಂದ್ರ ಹುಟ್ಟುವ ವೇಳೆಯನ್ನೂ ಪಕ್ಕದಲ್ಲಿ ಬರೆದು ನೋಡು ಎಂದೆವು. ಒಂಬತ್ತನೆಯ ದಿನ ಆಕೆ ಬರಲಿಲ್ಲ. ತಾಯಿಗೆ ಕೆಲಸವಿತ್ತು, ತಮ್ಮನನ್ನು ನೋಡಿಕೊಳ್ಳಬೇಕಿತ್ತು.

ಇದಕ್ಕೆ ದುಡ್ಡು ಬೇಕೆಂಬವರಿಗಾಗಿ ಇನ್ನೊಂದು ಉದಾಹರಣೆ. 1905ರಲ್ಲಿ ನಮ್ಮ ಪಶ್ಚಿಮ ರೈಲು ಹಾದಿಯ ಡಹಾಣುವಿನಲ್ಲಿ ಹುಟ್ಟಿದ ದ. ರಾ. ಕಾಪ್ರೇಕರ್ ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದರು. ಅವರು ಕಂಡುಹಿಡಿದ ಆಟ ಇದು. ನಾಲ್ಕಂಕಿಯ ಒಂದು ಸಂಖ್ಯೆ ಹಿಡಿಯಿರಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು. 4635 ಎನ್ನೋಣ. ಅಂಕಿಗಳನ್ನು ಇಳಿಕೆಯಲ್ಲಿ ಬರೆದು ಏರಿಕೆಯಲ್ಲಿ ಬರೆದದ್ದನ್ನು ಕಳೆಯಿರಿ: 6543ರಲ್ಲಿ 3456 ಹೋದರೆ 3087. ಮತ್ತೆ ಹಾಗೆಯೇ ಮಾಡಿ: 8730ರಲ್ಲಿ 0378 ಹೋದರೆ 8352. ಇನ್ನೊಮ್ಮೆ: 8532ರಲ್ಲಿ 2358 ಹೋದರೆ 6174. ಇನ್ನು ಎಷ್ಟು ಸಲ ಮಾಡಿದರೂ 6174. ಬಸ್ಸಿನ ಟಿಕೆಟಿನಿಂದ ಬೇಕಾದ ನಾಲ್ಕಂಕಿ ಆರಿಸಿರಿ, ಏಳು ಸುತ್ತಿನೊಳಗೆ ಅಲ್ಲಿಗೇ ಬರುತ್ತೀರಿ. ನಮ್ಮವರು ಬಹುಕಾಲ ಈ ಮಾಸ್ತರರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. 1975ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ಬರೆದ ಮೇಲೆ ಹೆಸರು ಹೊರಬಿತ್ತು. ಇರಲಿ. ಕಳೆಯುವ ಲೆಕ್ಕ ಬರುವ ಎಲ್ಲ ಮಕ್ಕಳೂ ಇದನ್ನು ಆಡಬಲ್ಲರು. "ಮೂರಂಕಿಯಾದರೆ ಏನಾಗುತ್ತದೆ?" ಎಂದು ತಾನಾಗಿ ಕೇಳುವ ಮಗುವಿನ ಮೇಲೆ ಕಣ್ಣಿಡಿ. 495 ಬರುತ್ತದೆಂದು ನಾವೇ ಹೇಳಿಬಿಡುವುದು ಬೇಡ. ಅದನ್ನು ಕಂಡುಕೊಂಡ ಮಗು ಎರಡಂಕಿಗೂ ಕೈ ಹಾಕುತ್ತದೆ. ಅಲ್ಲಿ ನಿಲ್ಲುವ ಸಂಖ್ಯೆಯೇ ಸಿಕ್ಕದೆ ತಲೆ ಕೆರೆದುಕೊಳ್ಳುತ್ತದೆ. ಅಷ್ಟರಲ್ಲಿ ಶಾಲೆಯ ಇಪ್ಪತ್ತೈದು ನಿಮಿಷ ಹೋದದ್ದೇ ತಿಳಿಯುವುದಿಲ್ಲ.

ಹಾಗಾದರೆ ಜಾಣರನ್ನು ಮೊದಲೇ ಪರೀಕ್ಷೆ ಮಾಡಿ ಆರಿಸೋಣವೇ ಎಂದು ಕಾರ್ಯಕಾರಿ ಸಮಿತಿಯ ಹಿರಿಯರೊಬ್ಬರು ಕೇಳಿದರು. ಬೇಡವೆಂದು ನಮ್ಮ ವಿನಂತಿ. 1921ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಲೂಯಿಸ್ ಟರ್ಮನ್ ಎಂಬ ವಿದ್ವಾಂಸರು ಬುದ್ಧಿಪರೀಕ್ಷೆ ನಡೆಸಿ ಸುಮಾರು ಒಂದೂವರೆ ಸಾವಿರ ಮಕ್ಕಳನ್ನು ಆರಿಸುವ ಕೆಲಸ ಹಿಡಿದರು. ಆ ಜರಡಿಯಲ್ಲಿ ಕೆಳಗೆ ಬಿದ್ದ ಹುಡುಗರಲ್ಲಿ ವಿಲಿಯಂ ಶಾಕ್ಲಿ, ಲೂಯಿಸ್ ಆಲ್ವಾರೆಜ್ ಎಂಬಿಬ್ಬರಿದ್ದರು. ಅವರು 1956 ಮತ್ತು 1968ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಜರಡಿಯಲ್ಲಿ ನಿಂತವರಲ್ಲಿ ಒಬ್ಬರಿಗೂ ಅದು ಬರಲಿಲ್ಲ. ನಮ್ಮ ಮಕ್ಕಳಿಗೆ ಭಾಷೆಯ ತೊಡಕು ಬೇರೆ. ಮಾನಖುರ್ದದಲ್ಲಿರುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ 1974ರಲ್ಲಿ ಹುಟ್ಟಿದ್ದು. ಅದರ ವಿ. ಜಿ. ಕುಲಕರ್ಣಿ ಮತ್ತು ಸಂಗಡಿಗರು ಮುಂಬಯಿ ನಗರಪಾಲಿಕೆ ಶಾಲೆಗಳ ಬಡ ಮಕ್ಕಳೊಡನೆ ಕೆಲಸ ಮಾಡಿ 1985ರಲ್ಲಿ ವರದಿ ಬರೆದರು. ಆ ಮಕ್ಕಳನ್ನು ಹಿಡಿದು ನಿಲ್ಲಿಸಿದ್ದು ಬುದ್ಧಿಯ ಕೊರತೆಯಲ್ಲ, ಪುಸ್ತಕದ ಬಿಗಿ ಭಾಷೆಯೂ ಒಂದು ದೊಡ್ಡ ಅಡ್ಡಿ ಎಂದು ಅವರಿಗೆ ಕಂಡುಬಂತು. ಮನೆಯಲ್ಲಿ ತುಳು ಇಲ್ಲವೆ ಕೊಂಕಣಿ, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಹಿಂದಿ ಆಡುವ ಮಗುವಿಗೆ ಒಂದು ಕಾಗದ ಕೊಟ್ಟು ಅರ್ಧ ಗಂಟೆಯಲ್ಲಿ ಬೆಲೆ ಕಟ್ಟುವುದು ಹೇಗೆ? ಬಾಗಿಲು ಎಲ್ಲರಿಗೂ ತೆರೆದಿರಲಿ. ನಾಲ್ಕು ರವಿವಾರ ಕಳೆದ ಮೇಲೆಯೂ ಕರೆಯದೆ ಬರುವವರು ಯಾರು ಎಂಬುದು ತಾನೇ ತಿಳಿಯುತ್ತದೆ.

ಹಾಗೆ ಗುರುತಿಸುವ ಒಬ್ಬ ಹಿರಿಯರಿದ್ದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. ಪರೇಲಿನ ಚಾಳಿನ ಒಂದೇ ಖೋಲಿಯಲ್ಲಿ ಇಡೀ ಸಂಸಾರ. ಓದುವುದಕ್ಕೆ ಜಾಗವಿಲ್ಲದೆ ಒಬ್ಬ ಹುಡುಗ ಚರ್ನಿ ರೋಡಿನ ಉದ್ಯಾನಕ್ಕೆ ಹೋಗಿ ಓದುತ್ತಿದ್ದ. ಅಲ್ಲಿಗೆ ಬರುತ್ತಿದ್ದ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಮಾಸ್ತರರು ನೀನು ಯಾರು, ಏನು ಓದುತ್ತೀ ಎಂದು ವಿಚಾರಿಸಿ ತಮ್ಮ ಪುಸ್ತಕಗಳನ್ನು ಕೊಟ್ಟರು. ತಾವು ಬರೆದ ಬುದ್ಧಚರಿತ್ರೆಯನ್ನೂ ಕೊಟ್ಟರು. ಮುಂದೆ ಬಡೋದೆಯ ಮಹಾರಾಜರ ಶಿಷ್ಯವೇತನ ಸಿಗುವುದಕ್ಕೂ ನೆರವಾದರು. ಹುಡುಗ 1907ರಲ್ಲಿ ಮೆಟ್ರಿಕ್ ಆದ ಭೀಮರಾವ್ ಅಂಬೇಡ್ಕರ್. ಅದು ಹೈಸ್ಕೂಲಿನ ವಯಸ್ಸಿನ ಮಾತು, ನಿಜ. ಆದರೆ ಚಿಕ್ಕ ಮಕ್ಕಳಿಗೆ ಅಷ್ಟು ದೂರದ ಉದ್ಯಾನಕ್ಕೆ ಒಬ್ಬರೇ ಹೋಗಲಾಗದು. ಅವರ ಉದ್ಯಾನ ಈ ಖೋಲಿಯೇ ಆಗಬೇಕು.

ಗಲಾಟೆಯಾಗುತ್ತದೆ, ಪೇಪರು ಓದಲಾಗುವುದಿಲ್ಲ ಎಂಬ ಆಕ್ಷೇಪಣೆ ಬಂದಿದೆ. ರಾತ್ರಿ ಪಾಳಿ ಮುಗಿಸಿ ಬಂದವರು ಹಾಗೆನ್ನುವುದು ಸಹಜ. ಆದಕಾರಣ ನಾವು ಕೇಳುವುದು ಕಿಟಕಿಯ ಬಳಿಯ ಎರಡು ಬೆಂಚು, ರವಿವಾರ ಬೆಳಗ್ಗೆ 9ರಿಂದ 11ರವರೆಗೆ ಮಾತ್ರ. ಕಲಿಸಬಲ್ಲವರು ನಮ್ಮಲ್ಲಿ ಮೂವರು ಒಪ್ಪಿದ್ದಾರೆ. ಕಲಿಸಲು ಬಾರದು ಎನ್ನುವ ಅಣ್ಣಂದಿರು, ಅಕ್ಕಂದಿರು ಇಬ್ಬರಾದರೂ ಮುಂದೆ ಬಂದು ಆ ಎರಡು ಗಂಟೆ ಕೂಸುಗಳನ್ನು ನೋಡಿಕೊಂಡರೆ ಹುಡುಗಿಯರು ಕುಳಿತು ಬರೆಯಬಹುದು. ಅಂಥವರು ಇಂದೇ ಹೆಸರು ಕೊಡಿ; ಈ ಕೆಲಸಕ್ಕೆ ಇದುವರೆಗೆ ಒಬ್ಬರೂ ಸಿಕ್ಕಿಲ್ಲ. ಒಂದು ಮಗ್ಗುಲು ಖಾಲಿಯಿರುವ ಆಫೀಸಿನ ರದ್ದಿ ಕಾಗದವನ್ನು ಮೇಲಿನವರ ಒಪ್ಪಿಗೆ ಪಡೆದು ತನ್ನಿ. ಪೆನ್ಸಿಲುಗಳನ್ನು ನಾವು ಕೊಂಡು ಇಟ್ಟಿದ್ದೇವೆ.