ತಂತಿ ಕಡಿದವರಿಗೆ ಟಪಾಲಿನ ಗೌರವ



‘ಭಾರತ ಬಿಟ್ಟು ತೊಲಗಿ’ ಚಳವಳಿಯಲ್ಲಿ, 1942ರ ಆಗಸ್ಟಿನಿಂದ, ಬೆಳಗಾವಿ, ಧಾರವಾಡ ಜಿಲ್ಲೆಗಳ ತರುಣರು ತಂತಿ ಕಡಿದರು, ಟಪಾಲು ಚೀಲ ಕಸಿದರು, ಅಂಚೆ ಕಚೇರಿಗೆ ಬೆಂಕಿ ಇಟ್ಟರು. ಪರಂಗಿ ಸರ್ಕಾರದ ಹುಕುಂ ಹಳ್ಳಿಗೆ ಮುಟ್ಟುತ್ತಿದ್ದದ್ದೇ ಆ ದಾರಿಯಿಂದ. ಅದೇ ಅಂಚೆ ಇಂದು ಅವರ ಮುಖವನ್ನು ಅಚ್ಚು ಹಾಕುತ್ತಿದೆ. ಸ್ವಾತಂತ್ರ್ಯ ಬಂದದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಕಾಣದು.

ಈ ಪ್ರದರ್ಶನದಲ್ಲಿ ಮೈಲಾರ ಮಹಾದೇವಪ್ಪನವರ ಅಂಚೆಚೀಟಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಮೋಟೆಬೆನ್ನೂರಿನ ಈ ತರುಣ 1930ರಲ್ಲಿ ಗಾಂಧೀಜಿಯೊಂದಿಗೆ ದಂಡಿಗೆ ನಡೆದಾಗ ಹದಿನೆಂಟರ ಪ್ರಾಯ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಬಿದ್ದರು. ಅವರೊಂದಿಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಕೂಡ. ಅದಕ್ಕೆ ಐದಾರು ವಾರ ಮೊದಲು, ಫೆಬ್ರುವರಿ 22ರಂದು, ಜರ್ಮನಿಯಲ್ಲಿ ನಾಜಿಗಳು ಹಿಟ್ಲರನ ವಿರುದ್ಧ ಕರಪತ್ರ ಹಂಚಿದ ಸೋಫಿ ಶೋಲ್ ಎಂಬ 21ರ ಹುಡುಗಿಯ ತಲೆ ಕಡಿಸಿದ್ದರು. ಆಕೆಯ ಸಂಗಡಿಗರು ಆ ಕರಪತ್ರಗಳನ್ನು ಲಕೋಟೆಗೆ ಹಾಕಿ, ಚೀಟಿ ಅಂಟಿಸಿ, ಟಪಾಲಿನಲ್ಲೇ ಕಳಿಸುತ್ತಿದ್ದರು. ಪಶ್ಚಿಮ ಜರ್ಮನಿ 1964ರಲ್ಲೇ ಆಕೆಯ ಚೀಟಿ ತಂದಿತು. ಮಹಾದೇವಪ್ಪನವರ ಚೀಟಿ ಬಂದದ್ದು 2018ರಲ್ಲಿ. ಇಷ್ಟು ತಡವಾಗಬಾರದಿತ್ತು.

ನಮ್ಮ ಘಟಪ್ರಭೆಯಲ್ಲೇ ನೆಲೆಸಿದ್ದ ಡಾ. ನಾ.ಸು. ಹರ್ಡೀಕರರು 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿ ತರುಣರನ್ನು ಚಳವಳಿಗೆ ಅಣಿಗೊಳಿಸಿದವರು. ಅವರ ಚೀಟಿ 1989ರದು. ಹುಬ್ಬಳ್ಳಿಯ ನಾರಾಯಣ ಡೋಣಿ 1942ರ ಮೆರವಣಿಗೆಯಲ್ಲಿ ಗುಂಡಿಗೆ ಬಲಿಯಾದಾಗ, ಮಕ್ಕಳೇ, ನಿಮ್ಮಂತೆಯೇ ಶಾಲೆಗೆ ಹೋಗುವ ಹುಡುಗ.

ನಮ್ಮ ಊರುಗಳ ಉಳಿದ ಹೋರಾಟಗಾರರಿಗೂ ಅಂಚೆಚೀಟಿ ಬರಬೇಕಾದರೆ ದಿಲ್ಲಿ ಒಪ್ಪಬೇಕು. ವಿಶೇಷ ಲಕೋಟೆಗೆ ಬೆಂಗಳೂರಿನ ವೃತ್ತ ಕಚೇರಿಯ ಒಪ್ಪಿಗೆ ಸಾಕು. ನಮ್ಮೂರಿನ ಹೋರಾಟಗಾರನ ಚಿತ್ರ, ಬಿಡುಗಡೆಯ ದಿನದ್ದೇ ಒಂದು ವಿಶೇಷ ಮುದ್ರೆ, ಎರಡೂ ಅದರ ಮೇಲೆ ಬರುತ್ತವೆ. ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರು ತಾಲ್ಲೂಕಿನವರು ಸೇರಿದರೆ ಇದು ಆಗದ ಕೆಲಸವಲ್ಲ. ಆದರೆ ಅರ್ಜಿಯ ಜೊತೆ ದಾಖಲೆ ಬೇಕು, ಆ ದಾಖಲೆ ಇರುವುದು ನಿಮ್ಮ ಮನೆಯ ಅಟ್ಟದ ಮೇಲೆ, ಅಜ್ಜಿಯ ಟ್ರಂಕಿನಲ್ಲಿ. ಹಿಂಡಲಗಾ ಜೈಲಿನಿಂದ ಬಂದ ಕಾರ್ಡು, ತಾಮ್ರಪತ್ರ, ಮಾಸಿದ ಒಂದು ಫೋಟೊ, ಏನಿದ್ದರೂ ಹುಡುಕಿ ತನ್ನಿ.

ಮಕ್ಕಳೇ, ಹಳೆಯ ಲಕೋಟೆ ಸಿಕ್ಕರೆ ಚೀಟಿಯನ್ನು ಕತ್ತರಿಸಿ ತೆಗೆಯಬೇಡಿ. ಮೊಹರಿನಲ್ಲಿ ಊರು, ತಾರೀಖು ಇರುತ್ತವೆ. ಇಡೀ ಲಕೋಟೆಯನ್ನು ಹಾಗೇ ನಿಮ್ಮ ಗುರುಗಳ ಕೈಗೆ ಕೊಡಿ.