ಮಲೆನಾಡಿನ ಗಿಣ್ಣು

ಪಾಶ್ಚಾತ್ಯರು ಚೀಸ್ ಎಂದು ಕರೆಯುವ ಪದಾರ್ಥಕ್ಕೆ ನಮ್ಮ ನಿಘಂಟುಕಾರರು ಗಿಣ್ಣು ಎಂಬ ಮಾತನ್ನು ಕೊಟ್ಟಿರುವರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆಯ ಗೃಹಿಣಿಯರು ಇದನ್ನು ಒಪ್ಪಲಾರರು. ಚೀಸಿಗೆ ಹಾಲನ್ನು ಒಡೆಯಿಸಬೇಕು. ಅದಕ್ಕೆ ಹುಳಿಯೋ, ಕರುವಿನ ಜಠರದಿಂದ ತೆಗೆದ ರಸವೋ ಬೇಕು. ಗಿಣ್ಣಿಗಾದರೋ, ಈಗತಾನೆ ಈದ ಹಸುವಿನ ಹಾಲೂ ಒಲೆಯ ಕಾವೂ ಇದ್ದರೆ ಸಾಕು. ಮೊದಲ ದಿನದ ಈ ಹಳದಿ ಹಾಲಿನಲ್ಲಿ ರೋಗನಿರೋಧಕವಾದ ಸಸಾರಜನಕಾಂಶಗಳು ದಟ್ಟವಾಗಿರುವುದರಿಂದ, ಬಿಸಿ ತಗುಲಿದೊಡನೆ ಅದು ತಾನಾಗಿ ಹೆಪ್ಪಾಗುವುದು.

ಈ ಮೂರು ತಾಲ್ಲೂಕುಗಳ ದನವೆಂದರೆ ಮಲೆನಾಡು ಗಿಡ್ಡ. ಆಳಿನ ಸೊಂಟದೆತ್ತರಕ್ಕೆ ಬರುವ ಪುಟ್ಟ ಹಸು. ಮಳೆಗೂ ಬೆಟ್ಟದ ಏರಿಗೂ ಅಂಜುವುದಲ್ಲ. ಕೊಡುವ ಹಾಲು ದಿನಕ್ಕೆ ಒಂದೆರಡು ಲೀಟರು. ಹಿಂದಿನವರು ಇದನ್ನು ಸಾಕಿದುದು ಹಾಲಿಗಿಂತ ಹೆಚ್ಚಾಗಿ ಅಡಕೆಯ ತೋಟದ ಗೊಬ್ಬರಕ್ಕಾಗಿ. ಕೊಟ್ಟಿಗೆಗೆ ಸೊಪ್ಪು ಹಾಸಿ, ಸಗಣಿಯೊಡನೆ ಅದು ಕೊಳೆತ ಮೇಲೆ ಮರದ ಬುಡಕ್ಕೆ ಹಾಕುತ್ತಿದ್ದರು. ಇಂತಹ ಮನೆಯಲ್ಲಿ ಗಿಣ್ಣು ಅಪರೂಪದ ಭಾಗ್ಯವಾಗಿದ್ದುದರಲ್ಲಿ ಆಶ್ಚರ್ಯವೇನು?

ಮಾಡುವ ಕ್ರಮ ಸುಲಭ. ಮೊದಲ ಹಾಲು ಬಲು ಗಟ್ಟಿಯಾದುದರಿಂದ ಅದಕ್ಕೆ ಸಾಧಾರಣ ಹಾಲನ್ನು ಬೆರಸಿ, ಬೆಲ್ಲ ಕರಗಿಸಿ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸುವರು. ತಣಿದ ಮೇಲೆ ಕತ್ತಿಯಿಂದ ಹೋಳು ಮಾಡಬಹುದು. ಮೂರನೆಯ ದಿನದ ಹಾಲು ಗಟ್ಟಿಯಾಗಿ ನಿಲ್ಲದು. ಅದನ್ನು ಕೆದಕುತ್ತ ಕಾಯಿಸಿದರೆ ಸಣ್ಣ ಕಾಳುಕಾಳಾದ ಮುದ್ದೆ. ಸಭ್ಯರು ಹೋಳನ್ನೇ ಮೆಚ್ಚುವರು. ನಮ್ಮ ಮತ ಬೇರೆ: ಬಿಸಿ ಅಕ್ಕಿರೊಟ್ಟಿಯ ಮೇಲೆ ಈ ಮುದ್ದೆಯನ್ನು ಸವರಿಕೊಂಡು ತಿಂದವರಿಗೆ ಡಬ್ಬಿಯ ಚೀಸು ಸಪ್ಪೆ.

ಆದರೆ ಇದನ್ನು ತಿನ್ನಬಹುದೆ? ಅಮರಕೋಶದಲ್ಲಿ ಪೀಯೂಷವೆಂಬ ಮಾತಿಗೆ ಅಮೃತವೆಂದೂ ಹೊಸದಾಗಿ ಈದ ಹಸುವಿನ ಹಾಲೆಂದೂ ಎರಡರ್ಥಗಳುಂಟು. ಮನುಸ್ಮೃತಿಯ ಐದನೆಯ ಅಧ್ಯಾಯವಾದರೋ ಆ ಪೀಯೂಷವನ್ನೇ ವರ್ಜ್ಯವೆನ್ನುತ್ತದೆ. ಈದು ಹತ್ತು ದಿನ ಕಳೆಯದ ಹಸುವಿನ ಹಾಲನ್ನೂ ನಿಷೇಧಿಸುತ್ತದೆ. ಶಾರದಾಪೀಠದ ನೆರಳಿನಲ್ಲಿರುವ ಸೀಮೆಯಲ್ಲಿಯೂ ನಾಲಗೆ ಸ್ಮೃತಿಯನ್ನು ಮೀರಿತು. ನಿಷೇಧದ ಕಾರಣವನ್ನು ಗ್ರಂಥ ಹೇಳುವುದಿಲ್ಲ. ಕಾರಣ ಕೊಟ್ಟಿಗೆಯಲ್ಲಿ ನಿಂತಿದೆಯೆಂದು ನಾವು ಭಾವಿಸುವೆವು.

ಮನುಷ್ಯಶಿಶು ರೋಗನಿರೋಧಶಕ್ತಿಯ ಒಂದಂಶವನ್ನು ತಾಯಿಯ ಗರ್ಭದಲ್ಲಿಯೇ ಪಡೆದು ಬರುವುದು. ಕರುವಿಗೆ ಆ ಭಾಗ್ಯವಿಲ್ಲ. ಅದಕ್ಕೆ ದೊರೆಯುವ ರಕ್ಷೆಯೆಲ್ಲ ಈ ಹಳದಿ ಹಾಲಿನಿಂದಲೇ. ಹುಟ್ಟಿದ ಮೊದಲ ಆರು ಗಂಟೆಗಳಲ್ಲಿ ಕರುಳು ಅದನ್ನು ಚೆನ್ನಾಗಿ ಹೀರಿಕೊಳ್ಳುವುದು. ಒಂದು ದಿನ ಕಳೆದರೆ ಆ ದ್ವಾರ ಮುಚ್ಚಿದಂತೆಯೇ. ಕರುವಿನ ತೂಕದ ಹತ್ತನೆಯ ಒಂದು ಪಾಲಿನಷ್ಟು ಹಾಲು ಅಷ್ಟರೊಳಗೆ ಅದರ ಹೊಟ್ಟೆಗೆ ಸೇರಬೇಕು. ಹೆಚ್ಚು ಕರೆಯುವ ಮಿಶ್ರತಳಿಯ ಹಸುವಿನಲ್ಲಿ ಕರು ತಣಿದ ಮೇಲೂ ಮಿಗುವುದುಂಟು. ಗಿಡ್ಡದ ಕೆಚ್ಚಲಿನಲ್ಲಿ ಮಿಗುವುದು ಸ್ವಲ್ಪವೇ. ಪಟ್ಟಣದಲ್ಲಿ ಗಿಣ್ಣಿನ ಹಾಲಿಗೆ ಒಳ್ಳೆಯ ಬೆಲೆ ಬಂದಷ್ಟೂ ಕರುವನ್ನು ಬೇಗ ಕಟ್ಟಿಹಾಕುವ ಆಸೆ ಹುಟ್ಟುವುದು. ಕೊಳ್ಳುವ ನಾವು, ಕರು ಕುಡಿದಿದೆಯೆ ಎಂದು ಒಂದು ಮಾತು ಕೇಳಿದರೆ ತಪ್ಪಿಲ್ಲ.

ಹಳ್ಳಿಯ ಮನೆಗಳಲ್ಲಿ ಗಿಣ್ಣಿನ ಹಾಲನ್ನು ಮಾರುವುದಕ್ಕಿಂತ ಹಂಚುವುದೇ ವಾಡಿಕೆ. ಕರು ಕುಡಿದು ಬಿಟ್ಟುದರಲ್ಲಿ ಒಂದು ಲೋಟ ನೆರೆಮನೆಗೆ ಹೋಗುವುದು. ಆ ಲೋಟವನ್ನು ಬರಿದಾಗಿ ಹಿಂದಿರುಗಿಸುವವರಿಲ್ಲ. ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲವಾದರೂ ಅದರಲ್ಲಿರುವುದು.